ಪೂರ್ವಕ್ಕೆ ಮುಖ ಮಾಡಿ ನಿಂತ ಗಾಡಿ

೨೦೧೮ರ ಫೆಬ್ರವರಿಯ ಕೊನೆಯ ಬುಧವಾರ, ಬೆಳಗ್ಗೆ ಒಂಬತ್ತು ಗಂಟೆಗೆ, ನಾನು ನನ್ನ ಮನೆಯ ಗೇಟಿನ ಒಳಬದಿಯಲ್ಲಿ, ಎಡಗೈಯನ್ನು ಇಟ್ಟಿಗೆ ಕಂಬದ ಮೇಲಿಟ್ಟು ನಿಂತಿದ್ದೆ. ಮನೆ ಇರುವುದು ಕೆಂಟನ್ ದಾಟಿ ಹ್ಯಾರೋ ಗುಡ್ಡದ ಕಡೆಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ. ರಸ್ತೆಯ ಕೆಳಗಿನ ಸಾಲಿನಲ್ಲಿ ನಮ್ಮ ಮನೆ. ಮೇಲಿನ ಸಾಲಿನಲ್ಲಿ, ನೇರ ಎದುರಿಗೆ, ಕುಂದಾಪುರದ ಕಡೆಯವರ ಮನೆ. ನಡುವೆ ಎರಡು ಕಾರು ಕಷ್ಟದಲ್ಲಿ ದಾಟುವಷ್ಟು ಅಗಲದ ರಸ್ತೆ. ನನಗೂ ಆ ಮನೆಗೂ ಮಧ್ಯೆ ಮರ, ವ್ಯಾನು, ಯಾವುದೂ ಅಡ್ಡ ಇರಲಿಲ್ಲ. ಹಿಮ ಆಗತಾನೆ ನಿಂತಿತ್ತು. ಕನ್ನಡಕ ಒರೆಸಿ ಹಾಕಿಕೊಂಡಿದ್ದೆ. ಇದನ್ನೆಲ್ಲ ಮೊದಲೇ ಬರೆಯುತ್ತಿರುವುದು ಏಕೆಂದರೆ ಆ ಬೆಳಗ್ಗೆ ಆದದ್ದನ್ನು ನಮ್ಮವರ ನಡುವೆ ಬೇರೆ ರೀತಿಯಲ್ಲಿ ಹೇಳುವುದುಂಟು.

ಎದುರು ಮನೆಯ ಯಜಮಾನರು ವೆಂಬ್ಲಿಯ ಈಲಿಂಗ್ ರೋಡಿನಲ್ಲಿ ಒಂದು ಸಣ್ಣ ಇಡ್ಲಿ ದೋಸೆ ಹೋಟೆಲು ನಡೆಸುತ್ತಿದ್ದರು. ಅವರನ್ನು ಇಲ್ಲಿ ಹೋಟೆಲಿನವರು ಎಂದೇ ಕರೆಯುತ್ತೇನೆ. ಮನೆಯಲ್ಲಿ ಅವರು, ಅವರ ಹೆಂಡತಿ, ಮತ್ತು ಅವರನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದ ಅಕ್ಕ. ಅಕ್ಕನಿಗೆ ಎಪ್ಪತ್ತರ ಹತ್ತಿರ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವರು. ಐವತ್ತು ದಾಟಿದ ತಮ್ಮನನ್ನು ಎಲ್ಲರೆದುರೂ, ಇನ್ನೂ ಹುಡುಗನೆಂಬಂತೆ, ‘ಮಾಣಿ’ ಎಂದು ಕರೆಯುತ್ತಿದ್ದರು. ನಾನು ಮೈಸೂರಿನವನು, ಇಲ್ಲಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸ. ನಮ್ಮ ಎರಡು ಮನೆಗಳ ನಡುವೆ ಸಾರು, ಪಲ್ಯ, ಕೊತ್ತಂಬರಿ ಸೊಪ್ಪು ಓಡಾಡುವಷ್ಟು ಬಳಕೆ ಇತ್ತು.

ಆ ಚಳಿಗಾಲ ಹೋಟೆಲಿಗೆ ಬರುವ ಒಂದು ಗುಜರಾತಿ ಕುಟುಂಬ, ಫ್ರಾನ್ಸಿನ ಆಲ್ಪ್ಸ್ ಬೆಟ್ಟದಲ್ಲಿ ದೊಡ್ಡ ಮನೆಯೊಂದನ್ನು ಒಂದು ವಾರಕ್ಕೆ ಹಿಡಿದು, ಅಲ್ಲಿಗೆ ಬಂದು ಅಡುಗೆ ಮಾಡಿಕೊಡಿ ಎಂದು ಕೇಳಿತ್ತು. ಹೋಟೆಲಿನವರು ಒಪ್ಪಿಕೊಂಡಿದ್ದರು. ಗಂಡ ಹೆಂಡತಿ ಇಬ್ಬರೂ ಹೋಗುವುದೆಂದಾಗಿತ್ತು. ಕಡಲಿನಡಿ ಹೋಗುವ ರೈಲಿಗೆ ಗಾಡಿ ಹತ್ತಿಸಿ, ಆ ಕಡೆ ಇಳಿದು, ರಾತ್ರಿ ಎಲ್ಲಾದರೂ ತಂಗಿ, ಮರುದಿನ ಬೆಟ್ಟ ಹತ್ತುವುದು. ಅದಕ್ಕೆ ಅವರು ನಂಬಿದ್ದು ಹಿಂದಿನ ಬೇಸಿಗೆಯಲ್ಲಿ ಕೊಂಡ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯನ್ನು. ಎತ್ತರದ್ದು, ಬೂದು ಬಣ್ಣದ್ದು.

ಚೈನಿನ ಮಾತು ಎದ್ದದ್ದು ಅದರ ಹಿಂದಿನ ಭಾನುವಾರ, ನಮ್ಮ ಮನೆಯಲ್ಲಿ, ಕಾಫಿಯ ಹೊತ್ತಿಗೆ. ಹೋಟೆಲಿನವರ ಹೆಂಡತಿ, ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತಿ ಹಾಕುವ ಒಂದು ಜೊತೆ ಸ್ನೋ ಚೈನು ಕೊಂಡು ತಂದಿದ್ದರು. ಬೆಟ್ಟದ ರಸ್ತೆಯಲ್ಲಿ ನೀಲಿ ಬೋರ್ಡು ಇರುತ್ತದೆ, ಅದು ಕಂಡಲ್ಲಿಂದ ಮುಂದಕ್ಕೆ ಚೈನು ಹಾಕಿಯೇ ಹೋಗಬೇಕು ಎಂದು ಅವರು ತಿಳಿದುಕೊಂಡಿದ್ದರು. ಗಂಡ ನಕ್ಕರು.

“ಕಾಣಿ ಸರ್, ಇವಳಿಗೆ ಹೇಳಿ. ನಾಕೂ ಚಕ್ರ ಎಳಿತ್ತ್ ನಮ್ಮ ಗಾಡೀದು. ಎರಡೇ ಚಕ್ರ ಎಳುವ ಪಾಪದ ಕಾರಿನವ್ರಿಗೆ ಚೈನು. ನಮಗೆ ಎಂತಕ್ಕೆ?”

“ಎಳೂದು ಬೇರೆ, ನಿಲ್ಲೂದು ಬೇರೆ ಅಲ್ದಾ?” ಎಂದರು ಹೆಂಡತಿ.

“ನೀನು ಯಾವತ್ತು ಗಾಡಿ ಬಿಟ್ಟಿದ್ದೆ ಸ್ನೋದಲ್ಲಿ?”

“ನೀವು ಯಾವತ್ತು ಬಿಟ್ಟಿದ್ರಿ? ಕುಂದಾಪ್ರದಲ್ಲಿ ಸ್ನೋ ಬೀಳೂದಿತ್ತಾ?”

ಎಲ್ಲರೂ ನಕ್ಕೆವು. ಹೋಟೆಲಿನವರೂ ನಕ್ಕರು, ಆದರೆ ಬಿಡಲಿಲ್ಲ. ಗಾಡಿಯೇ ಭಾರ, ಸಾಮಾನು ತುಂಬಿದರೆ ಇನ್ನೂ ಭಾರ, ಭಾರವಿದ್ದಷ್ಟು ಚಕ್ರ ನೆಲ ಕಚ್ಚಿ ಕೂರುತ್ತದೆ ಎಂದು ವಿವರಿಸಿದರು. ನನ್ನ ಅಭಿಪ್ರಾಯ ಕೇಳಿದಾಗ ನಾನು, ನಮ್ಮ ವಿಭಾಗದಲ್ಲಿ ಪ್ರತಿ ವರ್ಷ ಹಿಮದ ಮೇಲೆ ಜಾರುವ ಆಟಕ್ಕೆ ಹೋಗುವ ಒಬ್ಬರಿದ್ದಾರೆ, ಅವರದೂ ಇಂಥದೇ ಗಾಡಿ, ಚೈನು ಇಲ್ಲದೆ ಅವರು ಹೊರಡುವುದಿಲ್ಲ ಎಂದೆ. ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೂ ಇರುತ್ತದೆ, ಹಾಗಾಗಿ ಹೊರಡುವಾಗ ಇರುವ ಅನುಕೂಲ ನಿಲ್ಲಿಸುವಾಗ ಇರುವುದಿಲ್ಲವಂತೆ ಎಂದೂ ಹೇಳಿದೆ. ಕೇಳಿದ್ದನ್ನು ಹೇಳಿದೆ, ಅಷ್ಟೇ. ಆಗ ನಾನೂ ಕಂಡಿರಲಿಲ್ಲ.

ಅಕ್ಕ ಅಷ್ಟು ಹೊತ್ತೂ ಕಾಫಿ ಆರಿಸುತ್ತ ಕೂತಿದ್ದವರು, “ಹಾಕುಕೆ ಕಷ್ಟ ಆದ್ರೆ ಹಾಕ್ಬೇಡ. ಗಾಡಿಯಲ್ಲಿ ಇಟ್ಕೊ ಮಾಣಿ. ಅದಕ್ಕೆ ಅನ್ನ ಹಾಕ್ಕಾ?” ಎಂದರು. ಆ ಮಾತಿಗೆ ಹೋಟೆಲಿನವರು ಒಪ್ಪಿದರು.

ಬುಧವಾರ ಬೆಳಗ್ಗೆ ಸಾಮಾನು ತುಂಬುವಾಗ ನಾನು ಕಿಟಕಿಯಿಂದ ನೋಡುತ್ತಿದ್ದೆ. ಅಕ್ಕಿಯ ಮೂಟೆ, ಉದ್ದು, ಎಣ್ಣೆಯ ಡಬ್ಬ, ಎರಡು ದೋಸೆ ಕಲ್ಲು, ಕೊನೆಗೆ ಗ್ರೈಂಡರು. ಇಲ್ಲಿಂದಲೇ ಹಿಟ್ಟು ಒಯ್ದರೆ ದಾರಿಯಲ್ಲಿ ಹುಳಿಯಾಗುತ್ತದೆ, ಅಲ್ಲೇ ರುಬ್ಬಬೇಕು ಎಂದು ಅದು ಹೊರಟಿತ್ತು. ಹಿಂದಿನ ಬಾಗಿಲು ಮುಚ್ಚಲಿಲ್ಲ. ಹೋಟೆಲಿನವರು ಎರಡು ಸಲ ನೂಕಿ ನೋಡಿ, ಕಪ್ಪು ಬಣ್ಣದ ಚೈನಿನ ಚೀಲವನ್ನು ಎಳೆದು ತೆಗೆದು ಮನೆಬಾಗಿಲ ಮೆಟ್ಟಿಲ ಮೇಲಿಟ್ಟರು. ಆಮೇಲೆ ಗಾಡಿಯ ಬಾಗಿಲು ಮುಚ್ಚಿತು. ಹೆಂಡತಿ ಅದನ್ನು ಕಂಡರು. ಏನೋ ಅಂದರು. ಕಿಟಕಿ ಮುಚ್ಚಿದ್ದರಿಂದ ನನಗೆ ಕೇಳಲಿಲ್ಲ.

ಅಷ್ಟರಲ್ಲಿ ಹಿಮ ಅಂಗೈ ದಪ್ಪ ಬಿದ್ದಿತ್ತು. ಕೌನ್ಸಿಲ್‌ನ ಉಪ್ಪಿನ ಲಾರಿ ದೊಡ್ಡ ರಸ್ತೆಗೆ ಮಾತ್ರ ಬರುತ್ತದೆ, ನಮ್ಮಂಥ ಅಡ್ಡರಸ್ತೆಗಳಿಗಿಲ್ಲ. ನನ್ನ ಹೆಂಡತಿ ಬೆಳಗಿನ ಪಾಳಿಗೆ ನಡೆದೇ ಹೋಗಿದ್ದಳು. ನನಗೆ ರಜೆ. ಅವರನ್ನು ಬೀಳ್ಕೊಡೋಣವೆಂದು ಕೋಟು ಹಾಕಿಕೊಂಡು ಹೊರಗೆ ಬಂದೆ.

ಬೆಳಗಿನ ಜಾವವೇ ಹೊರಡಬೇಕಿತ್ತು, ಆದರೆ ಬುಧವಾರ ಯಮಗಂಡ ಕಾಲ ಒಂಬತ್ತರ ತನಕ ಇರುತ್ತದೆಂದು ಅಕ್ಕ ತಡೆದಿದ್ದರು. ದೂರದ ಪ್ರಯಾಣವಾದ್ದರಿಂದ ಗಾಡಿಗೆ ಪೂಜೆಯೂ ಆಗಬೇಕಿತ್ತು. ಪೂಜೆಗೆ ಗಾಡಿಯ ಮುಖ ಪೂರ್ವಕ್ಕಿರಬೇಕು. ಅವರ ಮನೆಯ ಮುಖ ಪೂರ್ವಕ್ಕೇ ಇದೆ. ಹಾಗಾಗಿ ಹೋಟೆಲಿನವರು ಹಿಂದಿನ ಸಂಜೆ, ಹಿಮ ಇಷ್ಟು ಬೀಳುವ ಮೊದಲು, ಗಾಡಿಯನ್ನು ಹಿಮ್ಮುಖವಾಗಿ ಮೇಲಕ್ಕೆ ಏರಿಸಿ, ಮೂತಿ ರಸ್ತೆಗೆ ಬರುವಂತೆ ನಿಲ್ಲಿಸಿದ್ದರು. ಅವರ ಮನೆ ಮುಂದಿನ ಜಾಗ ಬಾಗಿಲಿನಿಂದ ರಸ್ತೆಯ ತನಕ ಇಳಿಜಾರು. ಪೂರ್ವವೆಂದರೆ ಅಲ್ಲಿ ಇಳಿಜಾರಿನ ಕಡೆಯೇ.

ಇನ್ನೊಂದು ವಿಷಯವನ್ನೂ ಹೇಳಬೇಕು. ನಮ್ಮ ಮೈಸೂರಿನ ಮನೆಯಲ್ಲಿ ಮೊದಲು ಆರತಿ ಎತ್ತಿ, ಕಾಯಿ ಒಡೆದು, ಎಲ್ಲರೂ ಪಕ್ಕಕ್ಕೆ ಸರಿದ ಮೇಲೆ ಚಕ್ರದಡಿ ನಿಂಬೆಹಣ್ಣು ಇಟ್ಟು, ಅದರ ಮೇಲೆ ಹಾಯ್ದು ಗಾಡಿ ಹೊರಟೇ ಹೋಗುತ್ತದೆ. ಅವರ ಮನೆಯಲ್ಲಿ ಹಾಗಲ್ಲ. ಅವರಲ್ಲಿ ಮೊದಲು ನಿಂಬೆಹಣ್ಣು. ಹಣ್ಣು ಒಡೆದ ಕೂಡಲೇ ಗಾಡಿ ಅಲ್ಲೇ ನಿಲ್ಲಬೇಕು. ನಿಂತ ಗಾಡಿಯ ಮುಂದೆ ಆರತಿ, ಆಮೇಲೆ ಕಾಯಿ, ಆಮೇಲೆ ಪ್ರಯಾಣ. ಎರಡರಲ್ಲಿ ಯಾವುದು ಶಾಸ್ತ್ರವೋ ನನಗೆ ಗೊತ್ತಿಲ್ಲ. ಅವರ ಕ್ರಮದಲ್ಲಿ ಗಾಡಿ ಚಲಿಸುವಾಗ ಒಬ್ಬರು ಅದರ ಮುಂದೆ ನಿಂತಿರುತ್ತಾರೆ.

ನಿಂತಿದ್ದವರು ಅಕ್ಕ. ಸೀರೆಯ ಮೇಲೆ ತಮ್ಮನ ಹಳೆಯ ಕೋಟು, ತಲೆಗೆ ಶಾಲು, ಕಾಲಿಗೆ ರಬ್ಬರ್ ಬೂಟು, ಎರಡೂ ಕೈಯಲ್ಲಿ ಆರತಿ ತಟ್ಟೆ. ಇಳಿಜಾರು ಮುಗಿದು ಫುಟ್‌ಪಾತು ಸೇರುವಲ್ಲಿ, ಗಾಡಿಗೆ ಎದುರಾಗಿ, ನನಗೆ ಬೆನ್ನು ಹಾಕಿ ನಿಂತಿದ್ದರು. ಗಾಡಿಗೂ ಅವರಿಗೂ ನಡುವೆ ಇನ್ನೊಂದು ಕಾರು ನಿಲ್ಲುವಷ್ಟು ಜಾಗ. ಹೋಟೆಲಿನವರ ಹೆಂಡತಿ ಅಕ್ಕನ ಬಲಕ್ಕೆ, ಪೊದೆ ಬೇಲಿಯ ಹತ್ತಿರ, ತೆಂಗಿನಕಾಯಿ ಹಿಡಿದುಕೊಂಡು. ಅವರ ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ತನ್ನ ಮೆಟ್ಟಿಲಿಗೆ ಅಡುಗೆ ಉಪ್ಪು ಎರಚುತ್ತಿದ್ದಳು. ಕೈ ನಿಲ್ಲಿಸಿ ಇವರ ಪೂಜೆಯನ್ನು ನೋಡುತ್ತಿದ್ದಳು. ಹೋಟೆಲಿನವರು ಗಾಡಿಯ ಒಳಗೆ. ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಹ್ಞೂ, ಬಿಡು ಮಾಣಿ, ಸಾವಕಾಶ,” ಎಂದರು ಅಕ್ಕ.

ಎಂಜಿನ್ ಆಗಲೇ ಶುರುವಿತ್ತು. ಚಕ್ರಗಳ ಮುಂದೆ ಹಿಮ ಗುಡ್ಡೆಯಾಗಿದ್ದರಿಂದ ಗಾಡಿ ಮೊದಲು ಕದಲಲಿಲ್ಲ. ಅವರು ಸ್ವಲ್ಪ ಆಕ್ಸಿಲರೇಟರ್ ಒತ್ತಿದರು. ಸದ್ದು ಏರಿದ್ದು ಕೇಳಿಸಿತು. ಆಗ ಗಾಡಿ ಬಂತು. ಎಷ್ಟು ಚೆನ್ನಾಗಿ ಬಂತೆಂದರೆ, ನಾಲ್ಕು ಚಕ್ರವೂ ಒಟ್ಟಿಗೆ ಹಿಡಿದು, ಒಂದಿಷ್ಟೂ ಪಕ್ಕಕ್ಕೆ ವಾಲದೆ, ಗುಡ್ಡೆ ದಾಟಿ, ನಿಂಬೆಹಣ್ಣಿನ ಮೇಲೆ ಹಾಯಿತು. ಆ ವಿಷಯದಲ್ಲಿ ಭಾನುವಾರ ಅವರು ಹೇಳಿದ್ದು ಅಕ್ಷರಶಃ ನಿಜ.

ಅದರ ಮುಂದಿನದನ್ನು ನಾನು ಎಚ್ಚರದಿಂದ ಬರೆಯಬೇಕು. ಹಣ್ಣಿನ ಮೇಲೆ ಹಾಯ್ದ ಕೂಡಲೇ ಗಾಡಿಯ ಮೂತಿ ಒಂದಿಷ್ಟು ತಗ್ಗಿತು. ಎಂದರೆ ಅವರು ಬ್ರೇಕು ಒತ್ತಿದ್ದರು. ನಾನು ನೋಡುತ್ತಿದ್ದದ್ದು ಮುಂದಿನ ಬಲಚಕ್ರವನ್ನು; ಕಂಬದ ಬದಿಗೆ ನಿಂತಿದ್ದರಿಂದ ಅದರ ಹೊರಮೈ ಓರೆಯಾಗಿ ಕಾಣುತ್ತಿತ್ತು. ಅದಕ್ಕೆ ಐದು ಕಡ್ಡಿಗಳ ಬೆಳ್ಳಿ ಬಣ್ಣದ ಬಿಲ್ಲೆ ಇತ್ತು. ಆ ಕಡ್ಡಿಗಳು ಇದ್ದಲ್ಲೇ ಇದ್ದವು. ಚಕ್ರ ತಿರುಗುತ್ತಿರಲಿಲ್ಲ. ಗಾಡಿ ಬರುತ್ತಿತ್ತು.

ವೇಗ ಏನೂ ಇರಲಿಲ್ಲ. ಮನುಷ್ಯ ನಡೆಯುವ ವೇಗ, ಅದಕ್ಕಿಂತ ಕಡಿಮೆಯೂ ಇರಬಹುದು. ಸದ್ದಿಲ್ಲ. ಅಕ್ಕ ಕದಲಲಿಲ್ಲ. ಅವರ ಮುಖ ನನಗೆ ಕಾಣುತ್ತಿರಲಿಲ್ಲ, ಹಾಗಾಗಿ ಅವರಿಗೆ ಹೆದರಿಕೆಯಾಯಿತೋ ಇಲ್ಲವೋ ಹೇಳಲಾರೆ. ಪ್ರತಿ ಸಲ ನಿಲ್ಲುವ ಗಾಡಿ ಈ ಸಲವೂ ನಿಲ್ಲುತ್ತದೆಂದು ಅವರು ನಿಂತಿದ್ದರೆಂದು ತೋರುತ್ತದೆ. ತಟ್ಟೆಯನ್ನು ಒಮ್ಮೆ ಎಡದಿಂದ ಬಲಕ್ಕೆ ಎತ್ತಿದ್ದನ್ನು ಕಂಡೆ.

“ಅಕ್ಕಾ!” ಎಂದು ಕೂಗಿದ್ದು ಹೆಂಡತಿ. ಕೂಗುತ್ತಲೇ ಕಾಯಿ ಬಿಟ್ಟು, ಅಕ್ಕನ ಕೋಟಿನ ತೋಳನ್ನು ಎರಡು ಕೈಯಲ್ಲಿ ಹಿಡಿದು ತನ್ನ ಕಡೆಗೆ ಎಳೆದರು. ಇಬ್ಬರೂ ಬೇಲಿಯ ಬುಡಕ್ಕೆ ಬಿದ್ದರು. ಗಾಡಿ ಅಕ್ಕ ನಿಂತಿದ್ದ ಜಾಗದ ಮೇಲೆ ಹಾದು, ಫುಟ್‌ಪಾತು ದಾಟಿ, ರಸ್ತೆ ದಾಟಿ, ನನ್ನ ಗೇಟಿನ ಮುಂದಿನ ಕಲ್ಲಂಚಿಗೆ ಚಕ್ರ ತಾಗಿ ನಿಂತಿತು. ಕೈ ಚಾಚಿದ್ದರೆ ಅದರ ದೀಪ ಮುಟ್ಟಬಹುದಿತ್ತು. ಗಾಜಿನ ಹಿಂದೆ ಹೋಟೆಲಿನವರು ಎರಡು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಕಾಲನ್ನು ಇನ್ನೂ ಬ್ರೇಕಿನ ಮೇಲೆ ಒತ್ತಿಕೊಂಡು ಕೂತಿದ್ದರು. ನಾನು ಹೋಗಿ ಬಾಗಿಲು ತೆಗೆದೆ.

“ಒತ್ತಿದ್ದೆ ಸರ್,” ಎಂದರು. “ಪೂರಾ ಒತ್ತಿದ್ದೆ.”

“ಒತ್ತಿದ್ರಿ. ಇಳೀರಿ, ಅಕ್ಕನ್ನ ನೋಡೋಣ,” ಎಂದೆ.

ಅಕ್ಕ ಎದ್ದು ಕೂತಿದ್ದರು. ಎಡಗೈ ಊರಿ ಬಿದ್ದಿದ್ದರಿಂದ ಮಣಿಕಟ್ಟು ಮುಳ್ಳುಚಮಚದ ಬೆನ್ನಿನ ಹಾಗೆ ಬಾಗಿತ್ತು. ಅದನ್ನು ಕಂಡರೆ ನನಗೆ ಎಕ್ಸ್-ರೇ ಬೇಕಿಲ್ಲ, ಆದರೂ ತೆಗೆಯಲೇಬೇಕು. ತಟ್ಟೆ ಚಕ್ರದಡಿ ಸಿಕ್ಕಿ ಮಡಚಿಹೋಗಿತ್ತು. ಪಕ್ಕದ ಅಜ್ಜಿ ಉಪ್ಪಿನ ಡಬ್ಬಿ ಹಿಡಿದುಕೊಂಡೇ ಬಂದು, ಏನು ಮಾಡಬೇಕೆಂದು ತೋಚದೆ, ಅಕ್ಕನ ಸುತ್ತ ಉಪ್ಪು ಎರಚಿದಳು.

ಅಕ್ಕನನ್ನು ನಮ್ಮ ಅಡುಗೆಮನೆಯಲ್ಲಿ ಕೂರಿಸಿ, ಕೈಯನ್ನು ದಿಂಬಿನ ಮೇಲಿಟ್ಟು ಶಾಲಿನಿಂದ ಕಟ್ಟಿದೆ. ಆಂಬುಲೆನ್ಸಿಗೆ ಫೋನು ಮಾಡಿದರೆ, ಆ ದಿನ ಎಲ್ಲೆಡೆ ಜನ ಬಿದ್ದಿದ್ದಾರೆ, ಉಸಿರಾಟ ಸರಿಯಿದ್ದರೆ ಕಾಯಬೇಕು, ಸಾಧ್ಯವಾದರೆ ನೀವೇ ಕರೆತನ್ನಿ ಎಂದರು. ನಮ್ಮ ರಸ್ತೆ ದೊಡ್ಡ ರಸ್ತೆಗೆ ಸೇರುವಲ್ಲಿ ಇನ್ನೊಂದು ಇಳಿಜಾರಿದೆ, ಕೊನೆಯಲ್ಲಿ ತಿರುವು, ತಿರುವಿನಲ್ಲಿ ಬಸ್ಸುಗಳು. ನನ್ನ ಸಣ್ಣ ಕಾರು ಹಿಮದಲ್ಲಿ ಹೊರಡುವುದೇ ಇಲ್ಲ. ಇದ್ದದ್ದು ಆ ಗಾಡಿಯೊಂದೇ.

ಹೋಟೆಲಿನವರು ರಸ್ತೆ ದಾಟಿ ಮೇಲೆ ಹೋದರು, ಕಪ್ಪು ಚೀಲ ತಂದರು. ಅದರ ಅಂಗಡಿ ಚೀಟಿ ಇನ್ನೂ ಹಾಗೇ ಇತ್ತು.

“ಎರಡೇ ಇತ್ತಲ್ಲ. ನಾಕು ಚಕ್ರಕ್ಕೆ ಎರಡು ಚೈನು ಸಾಕಾ?” ಎಂದು ಹೆಂಡತಿಯನ್ನು ಕೇಳಿದರು.

“ಅಂಗಡಿಯವ ಗಾಡಿಯ ಪುಸ್ತಕ ಕಾಣಿ ಅಂದಿದ್ದ. ನೀವು ಕಂಡಿದ್ರಾ?”

ನಾನು ಗಾಡಿಯ ಕೈಪಿಡಿ ತೆಗೆದು ಓದಿದೆ. ಈ ಗಾಡಿಗೆ ಎರಡೇ ಹಾಕುವುದಾದರೆ ಮುಂದಿನ ಚಕ್ರಗಳಿಗೆ ಎಂದಿತ್ತು. ನಾಲ್ಕಕ್ಕೂ ಹಾಕಬಾರದೆಂದು ಇರಲಿಲ್ಲ. ವೇಗ ಕಡಿಮೆ ಇರಲಿ, ಬರಿಯ ಡಾಂಬರು ಬಂದ ಕೂಡಲೇ ತೆಗೆಯಿರಿ ಎಂದಿತ್ತು. ನಾವಿಬ್ಬರೂ ಮೊಣಕಾಲೂರಿ ಕೂತೆವು. ಚಕ್ರದ ಹಿಂದಿನಿಂದ ಸುತ್ತಿ ತಂದು, ಮುಂದೆ ಕೊಂಡಿ ಹಾಕಿ, ಎಳೆದು ಬಿಗಿಮಾಡುವುದು. ಬೆಚ್ಚಗಿನ ಕೋಣೆಯಲ್ಲಿ ಒಮ್ಮೆ ಬಿಡಿಸಿ ನೋಡಿದ್ದರೆ ಸುಲಭವಿತ್ತೇನೋ. ಬೆರಳು ಮರಗಟ್ಟಿತ್ತು, ಕೊಂಡಿ ಸಿಗುತ್ತಿರಲಿಲ್ಲ. ಒಂದನ್ನು ತಿರುಗಾಮುರುಗಾ ಹಾಕಿ ಮತ್ತೆ ಬಿಚ್ಚಿದೆವು.

ಸಾಮಾನು ಇಳಿಸೋಣವೇ ಎಂದು ಕೇಳಿದೆ. ಬಾಗಿಲಲ್ಲಿ ಬಂದು ನಿಂತಿದ್ದ ಅಕ್ಕನೇ ಉತ್ತರ ಕೊಟ್ಟರು. “ಇಳ್ಸಿ, ಎಲ್ಲ ಇಳ್ಸಿ. ಆ ಕಲ್ಲು ಹೊತ್ಕೊಂಡೇ ಅದು ಓಡಿ ಬಂದದ್ದ್.” ಹಾಗೆ ಅಕ್ಕಿ, ಉದ್ದು, ಗ್ರೈಂಡರು ಎಲ್ಲ ನಮ್ಮ ಮನೆಯ ಒಳಬಾಗಿಲಲ್ಲಿ ಬಂದು ಕೂತವು.

ಅಕ್ಕ ಮುಂದಿನ ಸೀಟಿನಲ್ಲಿ, ನಾನೂ ಹೋಟೆಲಿನವರ ಹೆಂಡತಿಯೂ ಹಿಂದೆ. ಗಾಡಿ ಗಡಗಡ ಸದ್ದು ಮಾಡುತ್ತ ಹೊರಟಿತು. ಇಳಿಜಾರಿನ ಅರ್ಧದಲ್ಲಿ ಹೋಟೆಲಿನವರು ಬೇಕೆಂದೇ ಒಮ್ಮೆ ಬ್ರೇಕು ಒತ್ತಿದರು. ಗಾಡಿ ಒಂದು ಸಲ ಕಚ್ಚಿ, ಸ್ವಲ್ಪ ಮುಂದೆ ಸರಿದು, ನಿಂತಿತು. ಆಮೇಲೆ ಅಕ್ಕ, “ಈಗ ಹೋಗು,” ಎಂದರು. ದೊಡ್ಡ ರಸ್ತೆಯ ಉಪ್ಪು ಹಾಕಿದ ಡಾಂಬರಿಗೆ ಬಂದ ಮೇಲೆ ಬಸ್ ನಿಲ್ದಾಣದ ಪಕ್ಕ ನಿಲ್ಲಿಸಿ, ಇಳಿದು, ಚೈನು ಬಿಚ್ಚಿದೆವು. ಬಿಚ್ಚುವುದು ಬೇಗ ಆಯಿತು.

ಮೂಳೆ ಕೂರಿಸಿ ಪ್ಲಾಸ್ಟರ್ ಹಾಕಿದರು. ಹೆಂಡತಿ ಅಕ್ಕನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದರು. ಹೋಟೆಲಿನವರು ಮರುದಿನ ತಮ್ಮ ಅಡುಗೆಯವನನ್ನು ಕರೆದುಕೊಂಡು ಬೆಟ್ಟಕ್ಕೆ ಹೊರಟರು. ಆ ದಿನ ಅವರು ಚೀಲವನ್ನು ಎಲ್ಲಕ್ಕಿಂತ ಮೊದಲು ಗಾಡಿಗೆ ಇಟ್ಟದ್ದನ್ನು ನಾನು ಕಂಡೆ. ಪೂಜೆ ಮಾಡಲಿಲ್ಲ. ಅಲ್ಲಿ ಚೈನು ಹಾಕಿದರೋ ಇಲ್ಲವೋ ನನಗೆ ತಿಳಿಯದು. ಬಂದ ಮೇಲೆ, ರಸ್ತೆಯ ಹಿಮವನ್ನೆಲ್ಲ ಗೋರಿ ತೆಗೆದಿದ್ದರು, ಬೇಕಾಗಲಿಲ್ಲ ಎಂದರು. ನಾನು ಆ ಬೆಟ್ಟದಲ್ಲಿ ಇರಲಿಲ್ಲ. ಅದರ ಬಗ್ಗೆ ನನ್ನ ಸಾಕ್ಷಿಯಿಲ್ಲ.

ಯುಗಾದಿಗೆ ನಮ್ಮವರೆಲ್ಲ ಹತ್ತಿರದ ಒಂದು ಶಾಲೆಯ ಹಾಲಿನಲ್ಲಿ ಸೇರಿದ್ದೆವು. ಅಕ್ಕನ ಕೈ ಇನ್ನೂ ಪ್ಲಾಸ್ಟರಿನಲ್ಲಿತ್ತು. ಊಟದ ಸಾಲಿನಲ್ಲಿ ನಮ್ಮ ಹಿಂದೆ ಧಾರವಾಡದ ಕಡೆಯ ಡಾಕ್ಟರ್ ಗಂಡ ಹೆಂಡತಿ, ಗಂಡನ ಹೆಗಲ ಮೇಲೆ ನಿದ್ದೆಹೋದ ಮಗು. ಅವರು ಈಸ್ಟರ್ ರಜೆಗೆ ಸ್ಕಾಟ್ಲೆಂಡಿನ ಬೆಟ್ಟಗಳಿಗೆ ಹೊರಟಿದ್ದರು. ಅಲ್ಲಿ ಇನ್ನೂ ಹಿಮವಿತ್ತು.

“ನಮ್ದೂ ಫೋರ್ ವೀಲ್ ಐತ್ರಿ,” ಎಂದರು ಡಾಕ್ಟರ್, ಹೋಟೆಲಿನವರಿಗೆ. “ನೀವು ಆಲ್ಪ್ಸ್‌ಗೆ ಹೋಗಿ ಬಂದೀರಂತ. ಚೈನ್ ಬೇಕಾಗ್ತಾವೇನ್ರಿ?”

“ಫೋರ್ ವೀಲಿಗೆ ಎಂತ ಬೇಡ ಡಾಕ್ಟ್ರೆ. ನಾವು ಹೋಗಿ ಬಂದೆವಲ್ಲ.”

“ಮತ್ತ ಅಕ್ಕಾರ ಕೈಗೆ ಏನಾತ್ರಿ?” ಎಂದು ಕೇಳಿದರು ಡಾಕ್ಟರ ಹೆಂಡತಿ.

“ಅದು ಮನೆ ಮುಂದೆ. ಸ್ನೋದಲ್ಲಿ ಜಾರಿ ಬಿದ್ದದ್ದು,” ಎಂದರು ಹೋಟೆಲಿನವರು.

ನಾನು ಅಕ್ಕನ ಮುಖ ನೋಡಿದೆ. ಅವರು ಒಂದೇ ಕೈಯಲ್ಲಿ ಹಿಡಿದ ತಟ್ಟೆಗೆ ತಮ್ಮನಿಂದ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದರು. ತಮ್ಮನನ್ನು ನಾಲ್ಕು ಜನರ ಮುಂದೆ ಬಿಟ್ಟುಕೊಡುವವರಲ್ಲ. ಹೌದು ಎನ್ನುತ್ತಾರೆಂದೇ ಎಣಿಸಿದೆ.

“ಹೌದು, ಬಿದ್ದದ್ದು ಹೌದು,” ಎಂದರು ಅಕ್ಕ. ಆಮೇಲೆ ನಿದ್ದೆಯಲ್ಲಿದ್ದ ಆ ಮಗುವನ್ನು ನೋಡಿದರು. “ನಾ ಬೀಳುಕಿಂತ ಮುಂಚೆ ಗಾಡಿ ಜಾರಿತ್ತು. ಇವ ಬ್ರೇಕು ಒತ್ತಿದ್ದ, ಪಾಪ. ಅದು ಕೇಳ್ಳಿಲ್ಲ. ನೀವು ಚೈನು ತಕಂಡು ಹೋಯ್ನಿ. ಮನೆಯಲ್ಲಿ ಒಂದ್ ಸಲ ಹಾಕಿ ಕಾಣಿ, ಅಲ್ಲಿ ಹೋಗಿ ಕಲಿಯೂದಲ್ಲ.”

ಹೋಟೆಲಿನವರು ಅಕ್ಕನ ತಟ್ಟೆಯನ್ನು ತಾವೇ ಹಿಡಿದುಕೊಂಡು ಕುರ್ಚಿಯ ತನಕ ಹೋದರು. ಧಾರವಾಡದವರು ಚೈನು ತೆಗೆದುಕೊಂಡು ಹೋಗಿ, ಕ್ಷೇಮವಾಗಿ ಬಂದರು. ಬೇಕಾಯಿತೋ ಇಲ್ಲವೋ ನಾನು ಕೇಳಲಿಲ್ಲ.

ಆ ಬೆಳಗ್ಗೆ ಅದನ್ನು ಕಂಡವರು ಐದು ಜನ. ಪಕ್ಕದ ಮನೆಯ ಅಜ್ಜಿ ಮರುವರ್ಷ ತೀರಿಕೊಂಡಳು. ಉಳಿದವರು ಇದ್ದೇವೆ. ಗಾಜಿನ ಹಿಂದಿನಿಂದ ಕಂಡ ಹೋಟೆಲಿನವರು ಇದ್ದಾರೆ. ಅವರನ್ನು ಕೇಳಿದರೆ ಅಕ್ಕ ಜಾರಿದ್ದು ಎಂದು ಈಗಲೂ ಹೇಳಬಹುದು. ಅಕ್ಕ ಇದ್ದಾರೆ. ನಾನು ಇದ್ದೇನೆ. ತೆಂಗಿನಕಾಯಿ ಕೈಬಿಟ್ಟು ಕೋಟಿನ ತೋಳು ಹಿಡಿದೆಳೆದ ಹೋಟೆಲಿನವರ ಹೆಂಡತಿ ಅದೇ ಮನೆಯಲ್ಲಿದ್ದಾರೆ. ಅಕ್ಕನನ್ನು ಬಿಟ್ಟರೆ ಎಲ್ಲರಿಗಿಂತ ಹತ್ತಿರದಿಂದ ಕಂಡವರು ಅವರು.